ಕಾರಿಗೆ ಕ್ಲೇ: ಕೈಯಲ್ಲಿ ಉಜ್ಜಬೇಕಾ, ಮೆಷಿನ್ ಹಿಡಿಯಬೇಕಾ?

ಕ್ಲೇ ಅಂದರೆ ಹಿಟ್ಟಿನ ಹಾಗೆ ನಾದಬಹುದಾದ ಮುದ್ದೆ. ತೊಳೆದರೂ ಹೋಗದೆ ಕಾರಿನ ಬಣ್ಣಕ್ಕೆ ಕಚ್ಚಿಕೊಂಡ ಕೊಳೆಯನ್ನು ಅದರಿಂದ ಉಜ್ಜಿ ತೆಗೆಯುತ್ತಾರೆ. ಮನೆಯಲ್ಲೇ ಕ್ಲೇ ಮಾಡಿದವರ ದೂರುಗಳು ಸುಮಾರಾಗಿ ಹೀಗಿರುತ್ತವೆ. "ಕಪ್ಪು ಕಾರು, ಬಾನೆಟ್ ತುಂಬ ಸಣ್ಣ ಗೀರು ಬಿತ್ತು." "ಎಷ್ಟು ಉಜ್ಜಿದರೂ ತರಿತರಿ ಹೋಗಲೇ ಇಲ್ಲ." "ಕ್ಲೇ ಬಣ್ಣಕ್ಕೇ ಅಂಟಿಕೊಂಡಿದೆ, ಈಗ ಬಿಡ್ತಾನೇ ಇಲ್ಲ." ಮೂರಕ್ಕೂ ಕಾರಣ ಹೆಚ್ಚಾಗಿ ಕ್ಲೇ ಅಲ್ಲ. ಯಾವುದಾದ ಮೇಲೆ ಯಾವುದು ಅನ್ನುವ ಕ್ರಮ ತಪ್ಪಿರುತ್ತದೆ. ಕೈ ಬಿಟ್ಟು ಪಾಲಿಶ್ ಮೆಷಿನ್ ಹಿಡಿದರೆ ಎಲ್ಲ ಸರಿಹೋಗುತ್ತದೆ ಅಂತ ಕೆಲವರು ಅಂದುಕೊಳ್ಳುತ್ತಾರೆ. ಮೆಷಿನ್‌ನಲ್ಲೂ ತಪ್ಪು ಅದೇ, ಬೇಗ ಆಗುತ್ತದೆ ಅಷ್ಟೇ.

ಮೊದಲು ತೀರ್ಮಾನ: ಕೈಯಾ, ಮೆಷಿನ್ನಾ?

ಒಂದೇ ಪ್ರಶ್ನೆ ಕೇಳಿಕೊಳ್ಳಿ. ಕ್ಲೇ ಆದ ಮೇಲೆ ಇಡೀ ಕಾರಿಗೆ ಪಾಲಿಶ್ ಮಾಡುತ್ತೀರಾ? ಹೌದು ಅಂದರೆ ಮೆಷಿನ್ ಬಳಸಬಹುದು. ಇಲ್ಲ, ವ್ಯಾಕ್ಸ್ ಹಾಕಿ ಮುಗಿಸುತ್ತೇನೆ ಅಂದರೆ ಕೈಯೇ ಸರಿ.

ಯಾಕೆ ಅಂದರೆ, ಕ್ಲೇ ಒಳಗೆ ಉಜ್ಜುವ ಪುಡಿ ಇರುತ್ತದೆ. ಎಷ್ಟೇ ನಯವಾದ ಕ್ಲೇ ಆದರೂ ಮೆದು ಬಣ್ಣದ ಮೇಲೆ ಸ್ವಲ್ಪ ಮಂಕು ಬಿಡಬಹುದು. ಅದನ್ನು ತೆಗೆಯಲು ಪಾಲಿಶ್ ಬೇಕು. ಕೈಯಲ್ಲಿ ಹಗುರವಾಗಿ ಮಾಡಿದರೆ ಆ ಮಂಕು ಕಾಣಿಸದಷ್ಟು ಕಡಿಮೆ. ಮೆಷಿನ್‌ಗೆ ಹಾಕುವ ಕ್ಲೇ ಡಿಸ್ಕ್ ನಿಮಿಷಕ್ಕೆ ಸಾವಿರಾರು ಸಲ ಅಲುಗುತ್ತದೆ. ಅದು ಬಿಡುವ ಮಂಕು ಕಪ್ಪು, ಕಡುನೀಲಿ, ಕಡುಕೆಂಪು ಕಾರುಗಳಲ್ಲಿ ಬಿಸಿಲಿಗೆ ನಿಲ್ಲಿಸಿದ ತಕ್ಷಣ ಕಾಣುತ್ತದೆ. ಬಿಳಿ, ಬೆಳ್ಳಿ ಬಣ್ಣದಲ್ಲಿ ಅಷ್ಟು ಕಾಣಲ್ಲ. ಕಾಣಲ್ಲ ಅಂದರೆ ಆಗಿಲ್ಲ ಅಂತಲ್ಲ.

ಕೈಗೆ ಇನ್ನೊಂದು ಅನುಕೂಲ ಇದೆ. ಎಲ್ಲಿ ಕೊಳೆ ಇದೆ, ಎಲ್ಲಿ ಹೋಯಿತು ಅನ್ನುವುದು ಬೆರಳಿಗೆ ತಿಳಿಯುತ್ತದೆ. ಮೆಷಿನ್ ಹಿಡಿದಾಗ ಆ ಸುಳಿವು ಸಿಗಲ್ಲ.

ಹಾಗಂತ ಮೆಷಿನ್ ದಂಡ ಅಲ್ಲ. ದೊಡ್ಡ ಎಸ್‌ಯುವಿ ಇದ್ದು, ವರ್ಷಗಟ್ಟಲೆ ಮರದ ಕೆಳಗೋ ಕಟ್ಟಡ ಕೆಲಸದ ಪಕ್ಕದಲ್ಲೋ ನಿಂತಿದ್ದರೆ, ಟಾಪ್ ಮತ್ತು ಬಾನೆಟ್ ಅನ್ನು ಕೈಯಲ್ಲಿ ಮುಗಿಸುವಷ್ಟರಲ್ಲಿ ಭುಜ ಬಿದ್ದುಹೋಗುತ್ತದೆ. ಕೈಯಲ್ಲಿ ಒಂದೂವರೆ, ಎರಡು ಗಂಟೆ ಹಿಡಿಯುವ ಕೆಲಸ ಮೆಷಿನ್‌ನಲ್ಲಿ ಅದರ ಅರ್ಧದೊಳಗೆ ಆಗುತ್ತದೆ. ಆದರೆ ಹ್ಯಾಂಡಲ್ ಸುತ್ತ, ಕನ್ನಡಿ, ಬಂಪರ್ ಮೂಲೆ ಇವೆಲ್ಲ ಹೇಗೂ ಕೈಯಲ್ಲೇ. ಪೂರ್ತಿ ಮೆಷಿನ್ ಕ್ಲೇ ಅನ್ನುವುದು ಇಲ್ಲವೇ ಇಲ್ಲ ಅನ್ನಬಹುದು.

ಯಾವ ಕಾರಿಗೆ ಕ್ಲೇ ಬೇಡ

ಮ್ಯಾಟ್ (ಹೊಳಪಿಲ್ಲದ) ಬಣ್ಣದ ಕಾರಿಗೆ ಕೈಯಲ್ಲೂ ಬೇಡ, ಮೆಷಿನ್‌ನಲ್ಲೂ ಬೇಡ. ಉಜ್ಜಿದ ಕಡೆ ಹೊಳಪು ಬರುತ್ತದೆ. ಮ್ಯಾಟ್ ಬಣ್ಣದಲ್ಲಿ ಅದೇ ಕಲೆ, ಸರಿಮಾಡಲು ಆಗಲ್ಲ. ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಸಿಪ್ಪೆ ಏಳುತ್ತಿರುವ ಹಳೆಯ ಕಾರನ್ನೂ ಮುಟ್ಟಬೇಡಿ, ಕ್ಲೇ ಆ ಸಿಪ್ಪೆಯನ್ನು ಇನ್ನಷ್ಟು ಎಬ್ಬಿಸುತ್ತದೆ. ಹೊಸದಾಗಿ ಪೇಂಟ್ ಮಾಡಿಸಿದ ಡೋರೋ ಬಂಪರ್ರೋ ಇದ್ದರೆ ಪೂರ್ತಿ ಗಟ್ಟಿಯಾಗಲು ವಾರಗಳು ಬೇಕು. ಪೇಂಟ್ ಮಾಡಿದವರನ್ನೇ ಕೇಳಿ, ಅಲ್ಲಿಯವರೆಗೆ ಆ ಭಾಗ ಬಿಟ್ಟು ಉಳಿದದ್ದು ಮಾಡಿ.

ಸೆರಾಮಿಕ್ ಕೋಟಿಂಗ್ (ಬಣ್ಣ ಕಾಪಾಡಲು ಹಾಕಿಸುವ ಗಟ್ಟಿ ಪದರ) ಇದ್ದರೆ ಕ್ಲೇ ಅದನ್ನು ಸ್ವಲ್ಪ ತಿನ್ನುತ್ತದೆ, ಮಂಕೂ ಮಾಡಬಹುದು. ಅಂಥ ಕಾರಿಗೆ ಕೆಮಿಕಲ್ ಹಂತದಲ್ಲೇ (ಹಂತ 3) ನಿಲ್ಲಿಸುವುದು ಜಾಣತನ. ಪಿಪಿಎಫ್ (ಬಣ್ಣ ಕಾಪಾಡಲು ಅಂಟಿಸುವ ಪಾರದರ್ಶಕ) ಫಿಲ್ಮ್ ಮೇಲೆ ಮೆಷಿನ್ ಬೇಡವೇ ಬೇಡ, ಫಿಲ್ಮ್‌ನ ಅಂಚು ಎದ್ದುಬಿಡುತ್ತದೆ.

ಬೇಕಾದ ಸಾಮಾನು

ಎರಡಕ್ಕೂ ಬೇಕಾದದ್ದು: ಎರಡು ಬಕೆಟ್, ಪಿಎಚ್ ನ್ಯೂಟ್ರಲ್ (ಆಮ್ಲವೂ ಕ್ಷಾರವೂ ಅಲ್ಲದ) ಕಾರ್ ಶಾಂಪೂ, ತೊಳೆಯುವ ಮಿಟ್ (ಕೈಗವಸು), ಟಾರ್ ರಿಮೂವರ್, ಐರನ್ ರಿಮೂವರ್, ಕ್ಲೇ ಲೂಬ್ (ಕ್ಲೇ ಜಾರಲು ಹೊಡೆಯುವ ದ್ರವ), ಸ್ಪ್ರೇ ಬಾಟಲಿ, ನಾಲ್ಕಾರು ಶುಚಿಯಾದ ಮೈಕ್ರೋಫೈಬರ್ ಬಟ್ಟೆ, ರಬ್ಬರ್ ಗ್ಲೌಸ್, ಒಂದು ತೆಳು ಪ್ಲಾಸ್ಟಿಕ್ ಕವರ್, ಟಾರ್ಚ್.

ಕೈ ಕೆಲಸಕ್ಕೆ ಫೈನ್ ಗ್ರೇಡ್‌ನ ಕ್ಲೇ ಬಾರ್. ಬಾರ್ ಬದಲು ಕ್ಲೇ ಮಿಟ್ ಅಥವಾ ಕ್ಲೇ ಟವೆಲ್ ಆದರೂ ನಡೆಯುತ್ತದೆ. ಇವುಗಳ ಒಂದು ಮುಖಕ್ಕೆ ರಬ್ಬರಿನಂಥ ಪದರ ಇರುತ್ತದೆ. ಕೆಳಗೆ ಬಿದ್ದರೂ ತೊಳೆದು ಮತ್ತೆ ಬಳಸಬಹುದು. ಬಾರ್ ಬಿದ್ದರೆ ಕಸದ ಬುಟ್ಟಿಗೆ, ಬೇರೆ ಮಾತಿಲ್ಲ.

ಮೆಷಿನ್ ಕೆಲಸಕ್ಕೆ ಡ್ಯುಯಲ್ ಆ್ಯಕ್ಷನ್ ಪಾಲಿಶರ್ ಬೇಕು. ಎಲ್ಲರೂ ಡಿಎ ಅನ್ನುತ್ತಾರಲ್ಲ, ಅದೇ. ಇದರ ಪ್ಯಾಡ್ ತಿರುಗುತ್ತಲೇ ಅಲುಗುತ್ತದೆ. ಜೊತೆಗೆ ಅದರ ಬ್ಯಾಕಿಂಗ್ ಪ್ಲೇಟಿಗೆ (ಡಿಸ್ಕ್ ಕೂರಿಸುವ ತಟ್ಟೆಗೆ) ಹೊಂದುವ ಕ್ಲೇ ಡಿಸ್ಕ್. ಇದರ ಮುಖಕ್ಕೂ ಅದೇ ರಬ್ಬರಿನಂಥ ಪದರ. ಬರೀ ಸುತ್ತುವ ರೋಟರಿ ಪಾಲಿಶರ್ ಬೇಡ, ಒಂದೇ ಕಡೆ ಶಾಖ ಏರಿಸುತ್ತದೆ. ಆ್ಯಂಗಲ್ ಗ್ರೈಂಡರಿಗೆ ಪ್ಯಾಡ್ ಸಿಕ್ಕಿಸುವ ಉಪಾಯ ಕೆಲವು ಕಡೆ ನಡೆಯುತ್ತದೆ. ಗ್ರೈಂಡರ್ ಸಾಮಾನ್ಯವಾಗಿ ನಿಮಿಷಕ್ಕೆ 11,000 ಸುತ್ತು ತಿರುಗುತ್ತದೆ. ಕ್ಲಿಯರ್ ಕೋಟ್ ಇರುವುದು ಸುಮಾರು 35ರಿಂದ 50 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್). ಉಳಿದದ್ದು ನೀವೇ ಲೆಕ್ಕ ಹಾಕಿ.

ಗ್ರೇಡ್ ಕೊಳ್ಳುವಾಗ ಬಣ್ಣ ನೋಡಬೇಡಿ. ಒಂದು ಕಂಪನಿಯ ನೀಲಿ ಫೈನ್ ಆದರೆ ಇನ್ನೊಂದರ ನೀಲಿ ಮೀಡಿಯಂ ಇರಬಹುದು. ಪ್ಯಾಕ್ ಮೇಲಿನ ಅಕ್ಷರ ಓದಿ. ಮೊದಲ ಸಲಕ್ಕೆ ಫೈನ್ ಬಿಟ್ಟು ಬೇರೆ ಯೋಚನೆಯೇ ಬೇಡ.

ಹಂತ 1: ತೊಳೆಯಿರಿ

ಕಾರು ನೆರಳಲ್ಲಿರಲಿ. ಬಾನೆಟ್ ಮೇಲೆ ಅಂಗೈ ಇಟ್ಟರೆ ತಣ್ಣಗಿರಬೇಕು. ಬೇಸಿಗೆಯಲ್ಲಿ ಕಲಬುರಗಿ, ರಾಯಚೂರು ಕಡೆಯವರು ಬೆಳಗ್ಗೆ ಬೇಗ ಶುರು ಮಾಡಿ, ಬಿಸಿಲು ಏರುವ ಮೊದಲು ಮುಗಿಸುವುದು ಒಳ್ಳೆಯದು.

ಮೊದಲು ಬರೀ ನೀರು ಹೊಡೆದು ಮರಳು, ಮಣ್ಣು ಇಳಿಸಿ. ಆಮೇಲೆ ಶಾಂಪೂ. ಒಂದು ಬಕೆಟ್‌ನಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಮಿಟ್ ಜಾಲಿಸುವ ನೀರು. ವಾಟರ್ ಸರ್ವಿಸ್ ಮಾಡಿಸಿಕೊಂಡು ಬಂದು ನೇರವಾಗಿ ಕ್ಲೇ ಹಿಡಿಯುವವರಿದ್ದಾರೆ. ಬರುವ ದಾರಿಯಲ್ಲಿ ಕೂತ ದೂಳು ಕ್ಲೇ ಕೆಳಗೆ ಸಿಕ್ಕಿ ಉದ್ದಕ್ಕೂ ಗೀರುತ್ತದೆ. ತೊಳೆದ ಜಾಗದಲ್ಲೇ ಮುಂದಿನ ಹಂತಗಳೂ ಆಗಬೇಕು.

ಹಂತ 2: ಕವರ್ ಪರೀಕ್ಷೆ

ಒದ್ದೆ ಬಣ್ಣದ ಮೇಲೆ, ಪ್ಲಾಸ್ಟಿಕ್ ಕವರ್ ಒಳಗೆ ಕೈ ಹಾಕಿ, ಬೆರಳ ತುದಿಯನ್ನು ಹಗುರವಾಗಿ ಆಡಿಸಿ. ಬರಿಗೈಗೆ ತಿಳಿಯದ ತರಿ ಕವರ್ ಮೂಲಕ ಚೆನ್ನಾಗಿ ತಿಳಿಯುತ್ತದೆ.

ಟಾಪ್, ಬಾನೆಟ್, ಡಿಕ್ಕಿ, ಡೋರಿನ ಕೆಳಭಾಗ ಎಲ್ಲ ಬೇರೆಬೇರೆಯಾಗಿ ನೋಡಿ. ಎಲ್ಲಿ ನುಣುಪಾಗಿದೆಯೋ ಅಲ್ಲಿ ಕ್ಲೇ ಬೇಡ. ಇದು ಯಾರೂ ಮಾಡದ ಉಳಿತಾಯ. ಎಷ್ಟೋ ಕಾರುಗಳಲ್ಲಿ ತರಿ ಇರುವುದು ಮೇಲ್ಮುಖದ ಭಾಗಗಳಲ್ಲಿ ಮತ್ತು ಚಕ್ರದ ಹಿಂದೆ ಮಾತ್ರ. ಆದರೂ ಸುಮ್ನೆ ಇಡೀ ಕಾರು ಉಜ್ಜುತ್ತಾರೆ.

ಹಂತ 3: ಕೆಮಿಕಲ್‌ಗಳ ಕೆಲಸ ಕೆಮಿಕಲ್‌ಗಳಿಗೇ ಬಿಡಿ

ಜನ ಹಾರಿಸುವ ಹಂತ ಇದೇ. "ಎಷ್ಟು ಉಜ್ಜಿದರೂ ಹೋಗಲಿಲ್ಲ" ಅನ್ನುವ ದೂರೂ ಇಲ್ಲಿಂದಲೇ ಹುಟ್ಟುತ್ತದೆ.

ಮೊದಲು ಡಾಂಬರು. ಡೋರಿನ ಕೆಳಗೆ, ಚಕ್ರದ ಹಿಂದೆ ಕಪ್ಪು ಚುಕ್ಕಿಗಳಿದ್ದರೆ ಟಾರ್ ರಿಮೂವರ್ ಹಾಕಿ, ಅದು ಕರಗಿ ಕಂದು ಬಣ್ಣದಲ್ಲಿ ಇಳಿಯಲು ಬಿಡಿ, ಬಟ್ಟೆಯಲ್ಲಿ ಒರೆಸಿ. ಸೀಮೆಎಣ್ಣೆಯಲ್ಲೂ ಹೋಗುತ್ತದೆ. ಆದರೆ ಎಣ್ಣೆ ಪಸೆ ಉಳಿಯುತ್ತದೆ, ಮತ್ತೆ ಶಾಂಪೂ ಹಾಕಲೇಬೇಕು. ಪೆಟ್ರೋಲ್ ಬೇಡ. ಬೆಂಕಿಯ ಅಪಾಯ ಒಂದು ಕಡೆ, ಹೊಸದಾಗಿ ಪೇಂಟ್ ಮಾಡಿಸಿದ ಭಾಗ ಮೆತ್ತಗಾಗುವ ಅಪಾಯ ಇನ್ನೊಂದು ಕಡೆ.

ತೊಳೆದ ಮೇಲೆ ಐರನ್ ರಿಮೂವರ್. ಬ್ರೇಕ್ ಪ್ಯಾಡ್ ಮತ್ತು ಡಿಸ್ಕ್‌ನಿಂದ ಹಾರುವ ಸಣ್ಣ ಕಬ್ಬಿಣದ ಚೂರುಗಳು ಬಣ್ಣಕ್ಕೆ ಕಚ್ಚಿಕೊಂಡು ತುಕ್ಕು ಹಿಡಿಯುತ್ತವೆ. ರೈಲು ಹಳಿ ಪಕ್ಕದಲ್ಲಿ ನಿಲ್ಲುವ ಕಾರುಗಳಿಗೆ, ಸಂಡೂರು, ಹೊಸಪೇಟೆ ಕಡೆ ಅದಿರು ಲಾರಿಗಳ ಹಿಂದೆ ಓಡಾಡುವ ಕಾರುಗಳಿಗೆ ಈ ಹಂತ ಮುಖ್ಯ. ಬಿಳಿ ಕಾರಿನ ಮೇಲೆ ಸಣ್ಣ ಕಿತ್ತಳೆ ಚುಕ್ಕಿಗಳು ಕಂಡರೆ ಬಹುಪಾಲು ಇವೇ. ಸ್ಪ್ರೇ ಮಾಡಿದ ಕೆಲವು ನಿಮಿಷದಲ್ಲಿ ನೇರಳೆ ಬಣ್ಣ ಇಳಿಯುತ್ತದೆ, ಕೊಳೆತ ಮೊಟ್ಟೆಯ ವಾಸನೆಯೂ ಬರುತ್ತದೆ. ಗಾಳಿ ಆಡುವ ಕಡೆ ಮಾಡಿ, ಗ್ಲೌಸ್ ಹಾಕಿಕೊಳ್ಳಿ. ಬಾಟಲಿ ಮೇಲೆ ಹೇಳಿದ ಹೊತ್ತಿಗಿಂತ ಜಾಸ್ತಿ ಬಿಡಬೇಡಿ. ಒಣಗಿದರೆ ಕಲೆ ಕೂರುತ್ತದೆ. ಪೂರ್ತಿ ಒಣಗುವ ಮೊದಲೇ ಧಾರಾಳವಾಗಿ ನೀರು ಹೊಡೆಯಿರಿ.

ಇನ್ನು ಸಿಮೆಂಟ್. ಬೆಂಗಳೂರಿನಲ್ಲಿ ಮೆಟ್ರೋ ಕಂಬಗಳ ಕೆಳಗೋ ಹೊಸ ಅಪಾರ್ಟ್‌ಮೆಂಟ್ ಪಕ್ಕದಲ್ಲೋ ನಿಂತ ಕಾರಿನ ಮೇಲೆ ಬಿದ್ದ ಸಿಮೆಂಟ್ ಹನಿ ಗಟ್ಟಿಯಾದ ಮೇಲೆ ಕ್ಲೇಗೆ ಬಗ್ಗಲ್ಲ. ಉಜ್ಜಿದರೆ ಅದರ ಚೂರು ಕ್ಲೇಗೆ ಸೇರಿ ಸ್ಯಾಂಡ್‌ಪೇಪರ್ ಆಗುತ್ತದೆ. ಅಡುಗೆಯ ಬಿಳಿ ವಿನೆಗರ್‌ನಲ್ಲಿ ಅದ್ದಿದ ಬಟ್ಟೆಯನ್ನು ಹನಿಯ ಮೇಲೆ ಐದು ನಿಮಿಷ ಇಟ್ಟು, ಮೆತ್ತಗಾದಷ್ಟು ಒರೆಸಿ, ನೀರು ಹಾಕಿ, ಬೇಕಾದರೆ ಮತ್ತೆ ಮಾಡಿ. ಉಗುರು, ಬ್ಲೇಡ್ ಹಾಕಬೇಡಿ. ಟಾಯ್ಲೆಟ್ ಆ್ಯಸಿಡ್ ಹತ್ತಿರಕ್ಕೂ ತರಬೇಡಿ.

ಬೋರ್‌ವೆಲ್ ನೀರು ಒಣಗಿ ಉಳಿದ ಬಿಳಿ ಉಂಗುರಗಳೂ ಕ್ಲೇಗೆ ಹೋಗುವುದು ಕಷ್ಟ. ಅವು ಕ್ಯಾಲ್ಸಿಯಂ, ಮೆಗ್ನೀಸಿಯಂ ಕಲೆ. ಹೊಸದಾಗಿದ್ದರೆ ಇದೇ ವಿನೆಗರ್ ಅಥವಾ ವಾಟರ್ ಸ್ಪಾಟ್ ರಿಮೂವರ್ ಸಾಕು. ಬಣ್ಣವನ್ನೇ ತಿಂದು ಒಳಗಿಳಿದಿದ್ದರೆ ಪಾಲಿಶ್ ಬೇಕು. ಹಕ್ಕಿ ಹಿಕ್ಕೆಯ ಗುರುತೂ ಹಾಗೇ.

ಎಲ್ಲ ಆದ ಮೇಲೆ ಇನ್ನೊಮ್ಮೆ ಶಾಂಪೂ, ಇನ್ನೊಮ್ಮೆ ಕವರ್ ಪರೀಕ್ಷೆ. ಎಷ್ಟೋ ಸಲ ಅರ್ಧ ತರಿ ಇಲ್ಲೇ ಹೋಗಿರುತ್ತದೆ. ಉಳಿದದ್ದಕ್ಕೆ ಮಾತ್ರ ಕ್ಲೇ.

ಹಂತ 4: ಲೂಬ್ ಸರಿಯಾಗಿದೆಯಾ ನೋಡಿ

ಕ್ಲೇ ಜಾರಬೇಕು, ಎಳೆಯಬಾರದು. ಅದಕ್ಕೇ ಲೂಬ್. ಬರೀ ನೀರು ಸಾಲದು. ರೆಡಿಮೇಡ್ ಕ್ಲೇ ಲೂಬ್ ಇದ್ದರೆ ಚೆನ್ನ. ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಎರಡು ಚಮಚೆ ಪಿಎಚ್ ನ್ಯೂಟ್ರಲ್ ಕಾರ್ ಶಾಂಪೂ ಕಲಸಿ. ವ್ಯಾಕ್ಸ್ ಸೇರಿದ ಶಾಂಪೂ ಬೇಡ. ಪಾತ್ರೆ ತೊಳೆಯುವ ಲಿಕ್ವಿಡ್ ಕೂಡ ಬೇಡ.

ಕೆಲವು ಶಾಂಪೂಗಳಿಗೆ ಕ್ಲೇ ಕರಗುತ್ತದೆ. ಕಡಲೆಕಾಳಿನಷ್ಟು ಕ್ಲೇ ಕಿತ್ತು, ಆ ನೀರಿನಲ್ಲಿ ಐದು ನಿಮಿಷ ಬೆರಳಲ್ಲಿ ಉಜ್ಜಿ ನೋಡಿ. ಲೋಳೆಯಾದರೆ, ಉದುರಿದರೆ ಆ ಶಾಂಪೂ ಕೈಬಿಡಿ. ಬಣ್ಣಕ್ಕೆ ಕ್ಲೇ ಅಂಟಿಕೊಳ್ಳುವುದಕ್ಕೆ ಇದೊಂದು ದೊಡ್ಡ ಕಾರಣ. ಬಿಸಿ ಬಾನೆಟ್ ಇನ್ನೊಂದು.

ಹಂತ 5: ಕೈಯಲ್ಲಿ ಮಾಡುವ ಬಗೆ

ಇಡೀ ಬಾರ್ ಹಿಡಿಯಬೇಡಿ. ಸುಮಾರು 50 ಗ್ರಾಂ ತುಂಡು ಮಾಡಿ, ಚಪಾತಿ ಹಿಟ್ಟಿನ ಹಾಗೆ ನಾದಿ, ಮೂರು ನಾಲ್ಕು ಬೆರಳಗಲಕ್ಕೆ ತಟ್ಟಿಕೊಳ್ಳಿ. ಚಳಿಗಾಲದ ಬೆಳಗ್ಗೆ ಗಟ್ಟಿಯಾಗಿದ್ದರೆ ಉಗುರುಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ಬಿಡಿ. ಬೇಸಿಗೆಯಲ್ಲಿ ಕೈಗೆ ಮೆತ್ತುವಷ್ಟು ಮೆದುವಾದರೆ ತಣ್ಣೀರಲ್ಲಿ ಅದ್ದಿ. ಉಳಿದ ತುಂಡು ಡಬ್ಬಿಯಲ್ಲೇ ಇರಲಿ. ಒಂದು ಬಿದ್ದರೂ ಕೆಲಸ ನಿಲ್ಲಲ್ಲ.

ಒಂದು ಸಲಕ್ಕೆ ಒಂದೂವರೆ ಅಡಿ ಚದರ ಸಾಕು. ಬಣ್ಣದ ಮೇಲೂ ಕ್ಲೇ ಮೇಲೂ ಲೂಬ್ ಹೊಡೆಯಿರಿ, ಹರಿದು ಇಳಿಯುವಷ್ಟು. ಬೆರಳ ಭಾರವಷ್ಟೇ ಇಟ್ಟು ನೇರ ಗೆರೆಯಲ್ಲಿ ಹಿಂದೆ ಮುಂದೆ ಆಡಿಸಿ, ಆಮೇಲೆ ಅದಕ್ಕೆ ಅಡ್ಡಡ್ಡವಾಗಿ. ಗುಂಡಗೆ ಉಜ್ಜಬೇಡಿ. ನೇರ ಗೀರು ಬಿದ್ದರೂ ಎದ್ದು ಕಾಣುವುದು ಕಡಿಮೆ. ಗುಂಡಗಿನ ಗೀರು ಬಿಸಿಲಲ್ಲಿ ಯಾವ ಕಡೆಯಿಂದ ನೋಡಿದರೂ ಕಾಣುತ್ತದೆ.

ಮೊದಲ ಕೆಲವು ಸಲ ಜರ್ ಜರ್ ಅಂತ ಸದ್ದು, ಬೆರಳಿಗೆ ತಡೆ. ಹತ್ತು ಹದಿನೈದು ಸಲ ಆಡಿಸುವಷ್ಟರಲ್ಲಿ ಸದ್ದು ನಿಂತು ಕ್ಲೇ ಜಾರತೊಡಗುತ್ತದೆ. ಅಲ್ಲಿಗೆ ಆ ಜಾಗ ಮುಗಿಯಿತು. "ಇನ್ನೂ ಸ್ವಲ್ಪ ಇರಲಿ" ಅಂತ ಮುಂದುವರಿಸಿದರೆ ಉಜ್ಜುವುದು ಕೊಳೆಯನ್ನಲ್ಲ, ಕ್ಲಿಯರ್ ಕೋಟನ್ನು. ಲೂಬ್ ಒಣಗುವ ಮೊದಲೇ ಬಟ್ಟೆಯಲ್ಲಿ ಒರೆಸಿ, ಕವರ್‌ನಿಂದ ಮುಟ್ಟಿ ನೋಡಿ.

ಪ್ರತಿ ಜಾಗ ಮುಗಿದಾಗಲೂ ಕ್ಲೇ ತಿರುಗಿಸಿ ನೋಡಿ. ಕಂದು, ಕಪ್ಪು ಗೆರೆಗಳು ಕಂಡರೆ ಮಡಿಸಿ, ನಾದಿ, ಹೊಸ ಮುಖ ಮೇಲೆ ತನ್ನಿ. ಎಷ್ಟು ಮಡಿಸಿದರೂ ಶುಚಿಯಾದ ಮುಖ ಸಿಗದಿದ್ದರೆ ತುಂಡು ಬದಲಿಸಿ. ಕ್ಲೇ ಉಳಿಸಲು ಹೋಗಿ ಬಾನೆಟ್ ಗೀರಿಸಿಕೊಂಡವರು ಜಾಸ್ತಿ.

ಕ್ರಮ ಮೇಲಿನಿಂದ ಕೆಳಗೆ: ಟಾಪ್, ಗಾಜು, ಬಾನೆಟ್, ಡಿಕ್ಕಿ, ಡೋರಿನ ಮೇಲರ್ಧ, ಕೊನೆಗೆ ಡೋರಿನ ಕೆಳಗು ಮತ್ತು ಬಂಪರ್. ಕೆಳಭಾಗಕ್ಕೆ ಬೇರೆ ತುಂಡು. ಅಲ್ಲಿ ಬಳಸಿದ್ದು ಮತ್ತೆ ಬಾನೆಟ್‌ಗೆ ಬರಬಾರದು. ಕಪ್ಪು ಪ್ಲಾಸ್ಟಿಕ್, ರಬ್ಬರ್ ಬೀಡಿಂಗ್ ಮೇಲೆ ಹೋಗಬೇಡಿ.

ಹಂತ 6: ಮೆಷಿನ್‌ನಲ್ಲಿ ಮಾಡುವ ಬಗೆ (ಹಂತ 5ರ ಬದಲು)

ಮೊದಲು ಕರೆಂಟ್ ವಿಷಯ. ಒದ್ದೆ ನೆಲ, ಕೈಯಲ್ಲಿ ಸ್ಪ್ರೇ, ಇನ್ನೊಂದು ಕೈಯಲ್ಲಿ 230 ವೋಲ್ಟ್ ಮೆಷಿನ್. ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್) ಇರುವ ಲೈನಿನಿಂದಲೇ ತೆಗೆದುಕೊಳ್ಳಿ. ರಬ್ಬರ್ ಸೋಲಿನ ಚಪ್ಪಲಿ ಇರಲಿ. ಎಕ್ಸ್‌ಟೆನ್ಷನ್ ಬೋರ್ಡ್ ನೆಲದ ಮೇಲೆ ಬೇಡ, ವೈರು ಹೆಗಲ ಮೇಲೆ ಹಾದುಹೋಗಲಿ. ಲೂಬ್ ಅನ್ನು ಬಣ್ಣದ ಮೇಲೆ ಹೊಡೆಯಿರಿ, ಮೆಷಿನ್‌ನ ಗಾಳಿ ಕಿಂಡಿ ಕಡೆಗಲ್ಲ. ಬ್ಯಾಟರಿ ಪಾಲಿಶರ್ ಸಿಕ್ಕರೆ ಈ ತಲೆನೋವೇ ಇಲ್ಲ.

ಹೊಸ ಡಿಸ್ಕ್ ಅನ್ನು ನೇರವಾಗಿ ಬಣ್ಣಕ್ಕೆ ತಾಗಿಸಬೇಡಿ. ತಯಾರಿಯಲ್ಲಿ ಉಳಿದ ಪದರ ಅದರ ಮೇಲಿರುತ್ತದೆ. ಲೂಬ್ ಹಾಕಿ ಕಿಟಕಿ ಗಾಜಿನ ಮೇಲೆ ಒಂದೆರಡು ನಿಮಿಷ ಕೈಯಲ್ಲೇ ಉಜ್ಜಿ, ತೊಳೆದುಕೊಳ್ಳಿ. ಗಾಜೂ ಶುಚಿಯಾಗುತ್ತದೆ.

ಪ್ಲಾಸ್ಟಿಕ್ ಅಂಚು, ರಬ್ಬರ್, ಲೋಗೋಗಳಿಗೆ ಮಾಸ್ಕಿಂಗ್ ಟೇಪ್ ಹಾಕಿ. ಬಾಡಿಯ ಚೂಪು ಗೆರೆಗಳ ಮೇಲೂ ಹಾಕಿ, ಅಲ್ಲಿ ಬಣ್ಣ ತೆಳು ಇರುತ್ತದೆ.

ಎರಡು ಅಡಿ ಚದರಕ್ಕೆ ಲೂಬ್ ಹೊಡೆದು, ಡಿಸ್ಕ್‌ಗೂ ಹೊಡೆಯಿರಿ. ಡಿಸ್ಕ್ ಅನ್ನು ಬಣ್ಣದ ಮೇಲೆ ಸಮತಟ್ಟಾಗಿ ಇಟ್ಟ ಮೇಲೇ ಸ್ವಿಚ್ ಒತ್ತಿ. ಗಾಳಿಯಲ್ಲಿ ಆನ್ ಮಾಡಿ ಇಳಿಸಿದರೆ ಅಂಚು ತಾಗಿ ಗುರುತು ಬೀಳುತ್ತದೆ. ವೇಗ 2 ಅಥವಾ 3, ಡಯಲ್ 6ರವರೆಗೆ ಇದ್ದರೂ ಮೇಲೆ ಹೋಗುವ ಅಗತ್ಯ ಇಲ್ಲ. ಮೆಷಿನ್‌ನ ಭಾರವೇ ಸಾಕು, ಕೈಯ ಒತ್ತಡ ಬೇಡ. ಡೋರಿನಂಥ ನಿಂತ ಭಾಗದಲ್ಲಿ ತಾಗಿಸಿ ಹಿಡಿಯುವಷ್ಟೇ ಒತ್ತಿ. ಪ್ರತಿ ಸಾಲು ಹಿಂದಿನ ಸಾಲಿನ ಅರ್ಧ ಮುಚ್ಚುವ ಹಾಗೆ ನಿಧಾನವಾಗಿ ಎಳೆಯಿರಿ. ಒಂದು ಸಲ ಉದ್ದಕ್ಕೆ, ಒಂದು ಸಲ ಅಡ್ಡಕ್ಕೆ. ಅಷ್ಟಾದ ಮೇಲೆ ನಿಲ್ಲಿಸಿ, ಒರೆಸಿ, ಕವರ್ ಪರೀಕ್ಷೆ ಮಾಡಿ. ಬೆರಳಿಗೆ ಸುಳಿವು ಸಿಗದ ಕಾರಣ ಈ ಪರೀಕ್ಷೆ ಇಲ್ಲಿ ಕೈ ಕೆಲಸಕ್ಕಿಂತ ಹೆಚ್ಚು ಬೇಕು. ತರಿ ಉಳಿದಿದ್ದರೆ ಇನ್ನೊಂದು ಸುತ್ತು, ಅದಕ್ಕೂ ಹೋಗದ ಚುಕ್ಕಿಯನ್ನು ಕೈಯ ಕ್ಲೇಗೆ ಬಿಡಿ.

ಬ್ಯಾಕಿಂಗ್ ಪ್ಲೇಟಿನ ಅಂಚಿಗೆ ಮಾರ್ಕರ್‌ನಿಂದ ಒಂದು ಗೆರೆ ಹಾಕಿಕೊಳ್ಳಿ. ಡಿಸ್ಕ್ ತಿರುಗುತ್ತಿದೆಯಾ ಇಲ್ಲವಾ ಅದರಿಂದ ಗೊತ್ತಾಗುತ್ತದೆ. ತಿರುಗುವುದು ನಿಂತು ಬರೀ ನಡುಗುತ್ತಿದ್ದರೆ ಲೂಬ್ ಒಣಗಿದೆ, ಅಥವಾ ನೀವು ಒತ್ತುತ್ತಿದ್ದೀರಿ. ವೇಗ ಏರಿಸುವುದು ಇದಕ್ಕೆ ಪರಿಹಾರ ಅಲ್ಲ.

ಪ್ರತಿ ಜಾಗ ಮುಗಿದ ಮೇಲೆ ಡಿಸ್ಕ್ ಅನ್ನು ಬಕೆಟ್ ನೀರಿನಲ್ಲಿ ಜಾಲಿಸಿ. ಬಾರ್ ಆದರೆ ಮಡಿಸಿದಾಗ ಕೊಳೆ ಒಳಗೆ ಹೋಗುತ್ತದೆ. ಡಿಸ್ಕ್‌ಗೆ ಮಡಿಕೆ ಇಲ್ಲ, ಕೊಳೆ ಮೇಲ್ಮುಖದಲ್ಲೇ ಕೂತಿರುತ್ತದೆ.

ಈ ಸುಳಿವು ಕಂಡರೆ ಕೈ ನಿಲ್ಲಿಸಿ

ಕೀಚ್ ಅನ್ನುವ ಸದ್ದು ಅಥವಾ ಎಳೆತ: ಲೂಬ್ ಸಾಲದು. ಅದೇ ಕ್ಷಣ ನಿಲ್ಲಿಸಿ ಇನ್ನಷ್ಟು ಹೊಡೆಯಿರಿ.

ಬಣ್ಣದ ಮೇಲೆ ಕ್ಲೇ ಪಟ್ಟಿ ಅಂಟಿದೆ: ಒಣಗಿದ ಬಟ್ಟೆಯಲ್ಲಿ ತಿಕ್ಕಬೇಡಿ. ಆ ಜಾಗ ತಣ್ಣಗಾಗಲಿ, ಲೂಬ್ ಸುರಿದು ಮೆತ್ತಗೆ ಅದೇ ಕ್ಲೇ ಆಡಿಸಿ. ಬರದಿದ್ದರೆ ಸ್ವಲ್ಪ ಟಾರ್ ರಿಮೂವರ್.

ಕ್ಲೇಗೆ ಕಾರಿನ ಬಣ್ಣ ಬಂದಿದೆ: ಕ್ಲಿಯರ್ ಕೋಟ್ ಇಲ್ಲದ ಹಳೆಯ ಬಗೆಯ ಪೇಂಟ್ ಇರಬಹುದು. ಸ್ವಲ್ಪ ಬರುವುದು ಸಹಜ, ಆದರೆ ಮೆಷಿನ್ ಇದ್ದರೆ ಕೆಳಗಿಡಿ. ಕ್ಲಿಯರ್ ಕೋಟ್ ಇದೆ ಅಂತ ಖಚಿತವಾಗಿ ಗೊತ್ತಿದ್ದೂ ಬಣ್ಣ ಬಂದರೆ ಆ ಪದರ ಸವೆದುಹೋಗಿದೆ. ಅಲ್ಲಿಗೆ ಕೆಲಸ ನಿಲ್ಲಿಸಿ, ಪೇಂಟ್ ಗೊತ್ತಿರುವವರಿಗೆ ತೋರಿಸಿ.

ಡಿಸ್ಕ್ ಬೆಚ್ಚಗಾಗಿದೆ, ಅಂಟಂಟಾಗಿದೆ: ನೀರಲ್ಲಿ ಅದ್ದಿ ಆರಲು ಬಿಡಿ. ವೇಗ ಇಳಿಸಿ.

ಹಂತ 7: ತೊಳೆದು, ಟಾರ್ಚ್ ಹಿಡಿದು ನೋಡಿ

ಲೂಬ್ ಪೂರ್ತಿ ಹೋಗುವ ಹಾಗೆ ಶಾಂಪೂ ಹಾಕಿ ತೊಳೆದು ಒರೆಸಿ. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಕ್ಲೇ ಬಿಟ್ಟ ಮಂಕು ಮಬ್ಬಾದ ಪಟ್ಟಿಯ ಹಾಗೆ, ನೀವು ಕೈ ಆಡಿಸಿದ ದಿಕ್ಕಿನಲ್ಲೇ ಕಾಣುತ್ತದೆ. ಗುಂಡಗಿನ ಹಳೆಯ ಗೀರುಗಳು ಮೊದಲೇ ಇದ್ದವು. ಕ್ಲೇ ಅವನ್ನು ತೆಗೆಯಲ್ಲ. ಮೇಲಿದ್ದ ವ್ಯಾಕ್ಸ್ ಹೋದದ್ದರಿಂದ ಈಗ ಸ್ಪಷ್ಟವಾಗಿ ಕಾಣುತ್ತವೆ ಅಷ್ಟೇ.

ಹಂತ 8: ಪಾಲಿಶ್, ಆಮೇಲೆ ವ್ಯಾಕ್ಸ್

ಮೆಷಿನ್ ಬಳಸಿದ್ದರೆ ಅದೇ ಡಿಎಗೆ ಮೆದು ಫೋಮ್ ಪ್ಯಾಡ್ ಹಾಕಿ ಫಿನಿಶಿಂಗ್ ಪಾಲಿಶ್ ಮಾಡಿ. ಕ್ಲೇ ಡಿಸ್ಕ್ ಮೇಲೆ ಪಾಲಿಶ್ ಹಾಕಿ ಎರಡೂ ಒಟ್ಟಿಗೆ ಮುಗಿಸುವ ಆಸೆ ಬೇಡ, ಎರಡೂ ಕೆಡುತ್ತವೆ. ಕೈಯಲ್ಲಿ ಮಾಡಿ ಒಂದೆರಡು ಕಡೆ ಮಾತ್ರ ಮಂಕಾಗಿದ್ದರೆ, ಪಾಲಿಶ್ ಸೇರಿದ ಕ್ಲೀನರ್ ವ್ಯಾಕ್ಸ್ ಅಷ್ಟು ಜಾಗಕ್ಕೆ ಸಾಕು.

ಕ್ಲೇ ಆದ ಬಣ್ಣದ ಮೇಲೆ ಅದನ್ನು ಕಾಪಾಡುವ ವ್ಯಾಕ್ಸ್, ಸೀಲೆಂಟ್ ಹೆಚ್ಚೇನೂ ಉಳಿದಿರಲ್ಲ. ಆದಷ್ಟು ಅದೇ ದಿನ ಹಾಕಿ. ಹೊಂಗೆ, ಮಾವಿನ ಮರದ ಕೆಳಗೆ ನಿಲ್ಲಿಸುವವರಂತೂ ಮರುದಿನಕ್ಕೆ ತಳ್ಳಬೇಡಿ. ಎಲೆಗಳ ಮೇಲಿನ ಹುಳುಗಳಿಂದ ತೊಟ್ಟಿಕ್ಕುವ ಅಂಟು ಬರಿ ಬಣ್ಣದ ಮೇಲೆ ಗಟ್ಟಿಯಾಗಿ ಕೂರುತ್ತದೆ.

ಎತ್ತಿಡುವುದು, ಮತ್ತೆ ಯಾವಾಗ

ಬಾರ್ ಮೇಲೆ ಸ್ವಲ್ಪ ಲೂಬ್ ಹೊಡೆದು, ಗಾಳಿಯಾಡದ ಡಬ್ಬಿಯಲ್ಲಿಡಿ. ಒಣಗಿ ಬಿರುಕು ಬಿಟ್ಟ ಬಾರ್ ಮತ್ತೆ ಬಳಸಬೇಡಿ. ಡಿಸ್ಕ್ ತೊಳೆದು, ರಬ್ಬರ್ ಮುಖ ಮೇಲೆ ಮಾಡಿ, ನೆರಳಲ್ಲಿ ಒಣಗಿಸಿ. ಮುಖಕ್ಕೆ ಮುಖ ಸೇರಿಸಿ ಇಟ್ಟರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಎರಡನ್ನೂ ಇಡಬೇಡಿ.

ಮುಂದಿನ ಸಲ ಯಾವಾಗ ಅನ್ನುವುದನ್ನು ಕ್ಯಾಲೆಂಡರ್ ನೋಡಿ ತೀರ್ಮಾನಿಸುವುದು ಬೇಡ. ಮುಚ್ಚಿದ ಶೆಡ್ಡಿನಲ್ಲಿ ನಿಲ್ಲುವ ಕಾರಿಗೆ ವರ್ಷಕ್ಕೊಮ್ಮೆಯೂ ಬೇಕಾಗದೆ ಇರಬಹುದು. ರಸ್ತೆ ಬದಿಯ ಕಾರಿಗೆ ಎರಡು ಸಲ ಬೇಕಾಗಬಹುದು. ತೊಳೆದಾಗಲೆಲ್ಲ ಕವರ್ ಹಾಕಿ ಒಮ್ಮೆ ಮುಟ್ಟಿ ನೋಡಿ. ನುಣುಪಾಗಿದ್ದರೆ ಕ್ಲೇ ಡಬ್ಬಿಯಲ್ಲೇ ಇರಲಿ.